ಒಂದೇ ತಿತ್ತಿ ನೀರು ಯಾಕೆ?

ತೇಲೂರು, ಹಿಂದೆ ಮಲ್ಪೆ ಇದ್ದ ಜಾಗದಿಂದ ಪಡುವಣಕ್ಕೆ ಮೂರು ಹರದಾರಿ
ಇಸವಿ 2297, ಫೆಬ್ರವರಿ ಮೂವತ್ತು

ಮಾನ್ಯರಾದ ಹೇಮಲತಾ ಅಮ್ಮನ್ನ ಅವರಿಗೆ, ನಿಮ್ಮ ಒಂಬತ್ತನೆಯ ತಲೆಮಾರಿನ ದೀನಮಣಿ ಮಾಡುವ ವಂದನೆಗಳು.

ತಾರೀಕು ನೋಡಿ ಹುಬ್ಬು ಗಂಟಿಕ್ಕಬೇಡಿ. ನಾವು ತಿಂಗಳುಗಳನ್ನೆಲ್ಲ ಮೂವತ್ತು ದಿನಕ್ಕೆ ಸಮ ಮಾಡಿ, ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಹಬ್ಬಕ್ಕೆಂದು ಬಿಟ್ಟುಕೊಂಡಿದ್ದೇವೆ. ನನ್ನ ಮಾತಿನಲ್ಲಿ ನಿಮಗೆ ಗುರುತಿಲ್ಲದ ಪದಗಳು ಬಂದರೆ ಕ್ಷಮಿಸಬೇಕು. ನಿಮ್ಮನ್ನು ಅಜ್ಜಿ ಎಂದು ಕರೆಯಲು ಬಾಯಿ ತುರಿಸುತ್ತದೆ, ಆದರೆ ಇದನ್ನು ಓದುವಾಗ ನಿಮಗಿನ್ನೂ ನಲವತ್ತೊಂದು, ನನಗೆ ಎಪ್ಪತ್ತಮೂರು, ಸಿಟ್ಟು ಮಾಡಿಕೊಂಡೀರಿ. ಈ ಕಾಗದ ನಿಮಗೆ ಹೇಗೆ ತಲುಪುತ್ತದೆ ಎಂಬುದು ಅಂಚೆಯವರ ತಲೆನೋವು. ಹೇಳದೆ ಇದ್ದರೆ ಮಾತ್ರ ನನಗೆ ಹೊಟ್ಟೆ ಉಬ್ಬಿ ಹೋಗುತ್ತದೆ. ಗೆದ್ದೆವು ತಾಯಿ, ಗೆದ್ದೆವು! ನೀವು ಬೆಳಗಿನ ಚಹಾ ಕುಡಿಯುತ್ತ ಬರೆದ ಒಂದು ಪ್ರಶ್ನೆಯಿಂದ ಇನ್ನೂರ ಹನ್ನೆರಡು ಜೀವ ಉಳಿಯಿತು.

ಮೊದಲು ನಮ್ಮ ಊರು ಹೇಗಿದೆ ಎಂದು ಹೇಳುತ್ತೇನೆ. ತೇಲೂರು ಎಂದರೆ ಒಂದಕ್ಕೊಂದು ಬಿಗಿದು ಕಟ್ಟಿದ ನೂರಾರು ತೆಪ್ಪ, ಸುತ್ತ ಒಂದು ಗೋಡೆ, ಗೋಡೆಗೆ ಒಂದೇ ಕಡಲಬಾಗಿಲು. ಒಂಬೈನೂರು ಜನ ಇದ್ದೇವೆ. ಸುತ್ತ ನೀರೋ ನೀರು, ಕುಡಿಯಲು ಹನಿ ಇಲ್ಲ. ಅದಕ್ಕೆ ಬೆವರುಹಲಗೆಗಳಿವೆ, ಬಿಸಿಲಿಗೆ ಕಾದ ಈ ದೊಡ್ಡ ಹಲಗೆಗಳ ಮೇಲೆ ಕಡಲನೀರು ಆವಿಯಾಗಿ, ತಣಿದು, ಸಿಹಿಯಾಗಿ ತೊಟ್ಟಿಗೆ ಇಳಿಯುತ್ತದೆ. ಹೋದ ತಿಂಗಳವರೆಗೆ ತಲೆಗೆ ದಿನಕ್ಕೆ ಆರು ಚೊಂಬು ಸಿಗುತ್ತಿತ್ತು. ಅದಕ್ಕೆ ನೀರ್ಪಾಲು ಎನ್ನುತ್ತೇವೆ. ಬೆಳಿಗ್ಗೆ ಚೊಂಬು ಹಿಡಿದು ಎಲ್ಲರೂ ತೊಟ್ಟಿಯ ಹತ್ತಿರ ಸೇರುತ್ತಾರೆ, ನಾನು ಬೈಬಲಿನ ಆ ದಿನದ ಪಾಠ ಓದುತ್ತೇನೆ, ಆಮೇಲೆ ನೀರು ಹಂಚುತ್ತಾರೆ. ಮೂವತ್ತೆಂಟು ವರ್ಷದಿಂದ ಓದುಗಾರ್ತಿ ನಾನೇ. ಗಂಟಲು ಇನ್ನೂ ಗಟ್ಟಿಯಾಗಿದೆ, ಬೇರೆಯವರಿಗೆ ಬಿಟ್ಟುಕೊಡುವ ಯೋಚನೆ ಮೊನ್ನೆಯವರೆಗೂ ಬಂದಿರಲಿಲ್ಲ.

ಇನ್ನು ನಮ್ಮ ಹಿರಿಯರು ಮಾಡಿಕೊಂಡ ಎಡವಟ್ಟು ಕೇಳಿ. ದಿನಾ ಓದಿದ ಭಾಗಕ್ಕೆ ನಿಮಗೆ ಹೊಳೆದದ್ದನ್ನೂ ಹುಟ್ಟಿದ ಪ್ರಶ್ನೆಯನ್ನೂ ನೀವು ನೋಟ್‌ಬುಕ್ಕಿನಲ್ಲಿ ಬರೆದು, ಹಾಳೆ ಹರಿದು ಬೈಬಲಿನ ಆಯಾ ಪುಟದೊಳಗೆ ಇಟ್ಟಿರಲ್ಲ, ಮುಂದೊಂದು ದಿನ ಆ ಬೈಬಲು ಬಿಚ್ಚಿಹೋದಾಗ ಯಾವನೋ ಪುಣ್ಯಾತ್ಮ ಎಲ್ಲವನ್ನೂ ಸೇರಿಸಿ ಹೊಲಿದುಬಿಟ್ಟ. ಕಡಲೇರಿ ಊರುಗಳನ್ನು ನುಂಗಿದ ದೊಡ್ಡ ನೀರು ಬಂದಾಗ ನಮ್ಮವರ ಕೈಯಲ್ಲಿ ಉಳಿದದ್ದು ಅದೊಂದೇ ಪ್ರತಿ. ಎರಡು ತಲೆಮಾರು ನಿಮ್ಮ ಬರಹವನ್ನೂ ದೇವರ ವಾಕ್ಯವೆಂದೇ ಎದ್ದು ನಿಂತು ಕೇಳಿದರು. ಅಯ್ಯೋ, ಕುಕ್ಕರಿನ ಗ್ಯಾಸ್ಕೆಟ್ ತರಬೇಕು ಎಂದು ನೀವು ಹಾಳೆಯ ಮೂಲೆಯಲ್ಲಿ ಬರೆದುಕೊಂಡದ್ದಕ್ಕೂ ಒಬ್ಬ ಬೋಧಕರು ಒಂದು ಗಂಟೆ ಪ್ರಸಂಗ ಮಾಡಿದ್ದರಂತೆ! ಆಮೇಲೆ ಯಾವುದು ಗ್ರಂಥ, ಯಾವುದು ಹೇಮಲತಾ ಎಂದು ಬೇರೆ ಮಾಡಿದೆವು. ಆದರೆ ಅಷ್ಟು ಹೊತ್ತಿಗೆ ರೂಢಿ ಬೇರುಬಿಟ್ಟಿತ್ತು. ಆ ದಿನದ ಭಾಗಕ್ಕೆ ನೀವು ಬರೆದ ಪ್ರಶ್ನೆ ಕೇಳದೆ ಪಾಠ ಮುಗಿಯುವುದಿಲ್ಲ. ಪ್ರಶ್ನೆ ಸರದಿಯ ಮೇಲೆ ಒಬ್ಬರ ಪಾಲಿಗೆ ಬೀಳುತ್ತದೆ. ಅವರು ಬಾಯಲ್ಲಿ ಉತ್ತರ ಹೇಳುವಂತಿಲ್ಲ. ಮರುದಿನದ ಪಾಠದೊಳಗೆ ಏನಾದರೂ ಮಾಡಿ ತೋರಿಸಬೇಕು, ಇಲ್ಲವೇ ನನ್ನಿಂದಾಗಲಿಲ್ಲ ಎಂದು ಎಲ್ಲರೆದುರು ಒಪ್ಪಿಕೊಳ್ಳಬೇಕು. ಇದಕ್ಕೆ ಕೈಯುತ್ತರ ಎಂದು ಹೆಸರು.

ಕಳೆದ ತಿಂಗಳು ತೆಂಕಣ ಕಡೆಯ ಒಂದು ತೇಲುವ ಊರು ಬಿರುಗಾಳಿಗೆ ಒಡೆದು, ಎಂಟು ದೋಣಿ ತುಂಬ ಜನ ನಮ್ಮ ಬಾಗಿಲಿಗೆ ಬಂದು ನಿಂತರು. ನಮ್ಮ ಬೆವರುಹಲಗೆಗಳಲ್ಲಿ ಮೂರನೆಯ ಒಂದು ಪಾಲು ಉಪ್ಪು ಕಟ್ಟಿ ಕೆಟ್ಟು ಕೂತಿತ್ತು. ಸಭಾಹಿರಿಯನು ನನ್ನ ತಮ್ಮ ಅಮೃತರಾಜ, ಬಾಗಿಲಿನ ಬೀಗದ ಕೈ ಇರುವುದು ಅವನ ಹತ್ತಿರ. ಸಂಜೆ ಸಭೆ ಸೇರಿ, ದೋಣಿಗೊಂದು ಪೀಪಾಯಿ ನೀರು, ಒಂದು ಮೂಟೆ ಒಣರೊಟ್ಟಿ ಕೊಟ್ಟು ನಾಳೆ ಸಾಗಹಾಕುವುದೆಂದು ತೀರ್ಮಾನಿಸಿದರು. ಅವನನ್ನು ಕಟುಕ ಅಂದುಕೊಳ್ಳಬೇಡಿ. ಹಿಂದಿನ ನೀರ್ಬರದಲ್ಲಿ ಎರಡು ಮಕ್ಕಳನ್ನು ಕಳೆದುಕೊಂಡವನು ಅವನು. ಅವನ ಹೆದರಿಕೆ ನನಗೆ ಅರ್ಥವಾಗುತ್ತದೆ.

ಮರುದಿನ ಪುಸ್ತಕ ತೆರೆದೆ. ಪಾಠವನ್ನು ನಾವು ಆರಿಸುವುದಿಲ್ಲ, ನಿನ್ನೆ ನಿಲ್ಲಿಸಿದಲ್ಲಿಂದ ಮುಂದಕ್ಕೆ ಹೋಗುತ್ತೇವೆ. ಬಂದದ್ದು ಆದಿಕಾಂಡದಲ್ಲಿ ಅಬ್ರಹಾಮನು ದಾಸಿ ಹಾಗರಳನ್ನೂ ಅವಳಲ್ಲಿ ಹುಟ್ಟಿದ ತನ್ನ ಮಗನನ್ನೂ ರೊಟ್ಟಿ, ಒಂದು ತೊಗಲಿನ ತಿತ್ತಿ ನೀರು ಕೊಟ್ಟು ಅಡವಿಗೆ ಕಳಿಸಿದ ಭಾಗ. ಸರದಿ ಯಾರದು? ಅಮೃತರಾಜನದೇ. ಅವನಿಗೂ ಗೊತ್ತಾಯಿತು. ಪಾಠ ಮುಗಿಯುತ್ತಲೇ ಎದ್ದು, ಅಕ್ಕಾ, ಇವತ್ತೊಂದು ದಿನ ಪ್ರಶ್ನೆ ಬೇಡ, ನೀರು ಹಂಚಿಬಿಡೋಣ ಎಂದ. ನನಗೆ ಎಲ್ಲಿತ್ತೋ ಸಿಟ್ಟು! ಮೂವತ್ತೆಂಟು ವರ್ಷದಲ್ಲಿ ಜ್ವರ ಬಂದಾಗಲೂ ಬಿಟ್ಟಿಲ್ಲ, ನಿನ್ನ ಮುಖ ನೋಡಿ ಬಿಡುತ್ತೇನಾ, ಕೂತುಕೋ ಎಂದು ಗದರಿ, ನೀವು ಬರೆದದ್ದನ್ನು ಓದಿದೆ. ಅಬ್ರಹಾಮನಿಗೆ ಅಷ್ಟೊಂದು ಕುರಿ, ದನ, ಒಂಟೆ ಇದ್ದವು. ಒಂದೇ ತಿತ್ತಿ ನೀರು ಯಾಕೆ ಕೊಟ್ಟ? ಇಷ್ಟೇ ನಿಮ್ಮ ಪ್ರಶ್ನೆ. ಪಕ್ಕದಲ್ಲಿ, ಇಂಥದ್ದನ್ನು ಕೇಳಬಾರದೇನೋ ಎಂದು ಬರೆದು, ಪ್ರಶ್ನೆಯನ್ನು ಹೊಡೆದುಹಾಕಲು ಹೋಗಿ ಅರ್ಧಕ್ಕೇ ಬಿಟ್ಟಿದ್ದೀರಿ. ಅಮೃತರಾಜ ಚೊಂಬನ್ನು ಅಲ್ಲೇ ಬಿಟ್ಟು ಎದ್ದುಹೋದ.

ಮಧ್ಯಾಹ್ನ ಕಳೆದರೂ ಗೋಡೆಯ ಮೇಲೆ ಒಬ್ಬನೇ ಕೂತಿದ್ದ. ಊಟಕ್ಕೆ ಕರೆದರೆ ಬರಲಿಲ್ಲ. ನಾನು ತಪ್ಪು ಮಾಡಿದೆನೇ ಎಂದು ಎರಡು ಸಲ ಗೋಡೆಯ ಬುಡದವರೆಗೆ ಹೋಗಿ ಬಂದೆ. ಬಿಸಿಲು ಇಳಿಯುವ ಹೊತ್ತಿಗೆ ಅವನೇ ಕೆಳಗಿಳಿದು, ಇವತ್ತಿನಿಂದ ನನಗೆ ಮೂರೇ ಚೊಂಬು, ಜೊತೆಗೆ ಯಾರಿದ್ದೀರಿ ಎಂದು ಕೇಳಿದ. ಮೊದಲು ಅವನ ಹೆಂಡತಿ ಬಂದಳು, ಆಮೇಲೆ ನಾನು, ಆಮೇಲೆ ಇಡೀ ಊರು. ಅವನು ಬೀಗ ತೆಗೆದ. ಹಲ್ಲೆಲೂಯ ಎಂದು ನಾನು ಕೂಗಿದ್ದು ಎಂಟನೆಯ ದೋಣಿಗೂ ಕೇಳಿತಂತೆ. ಬಂದವರೇನು ಕೈಕಟ್ಟಿ ಕೂರಲಿಲ್ಲ. ಹದಿನೇಳು ದಿನ ಉಪ್ಪು ಕೆರೆದು ಕೆಟ್ಟ ಹಲಗೆಗಳನ್ನೆಲ್ಲ ಮತ್ತೆ ಬೆವರಿಸಿದರು. ಈಗ ತಲೆಗೆ ಐದು ಚೊಂಬು. ಒಂದು ಜೀವವೂ ಹೋಗಲಿಲ್ಲ. ಇದನ್ನು ಬರೆಯುವಾಗ ಕಣ್ಣು ತುಂಬುತ್ತದೆ, ಎದೆ ಉಬ್ಬುತ್ತದೆ. ಇರಲಿ, ಉಬ್ಬಲಿ!

ಅದಕ್ಕೇ ಒಂದು ಕೋರಿಕೆ. ನಿಮ್ಮ ಪ್ರಶ್ನೆ ಎಷ್ಟೇ ಅಧಿಕಪ್ರಸಂಗ ಅನ್ನಿಸಿದರೂ ಹೊಡೆದುಹಾಕಬೇಡಿ. ಬರೆದು ಒಳಗಿಡಿ.

ಮೊನ್ನೆ ಹೊಸಬರೂ ಪಾಠಕ್ಕೆ ಕೂತಿದ್ದರು. ಜೈನಾಬಿ ಎಂಬ ವಯಸ್ಸಾದ ಹೆಂಗಸು, ಹಾಗರಳ ಕಥೆ ತಮ್ಮವರಿಗೂ ಗೊತ್ತು, ತಾನೊಂದು ಪ್ರಶ್ನೆ ಕೇಳಬಹುದೇ ಎಂದಳು. ಕೇಳಮ್ಮ ಎಂದೆ. ಕಳಿಸಿದವರಲ್ಲಿ ಒಬ್ಬರಾದರೂ ಆಮೇಲೆ ಅವಳನ್ನು ಹುಡುಕಿಕೊಂಡು ಹೋದರಾ ಎಂದು ಕೇಳಿದಳು. ಸರದಿ ನನ್ನದಾಗಿತ್ತು.

ಹೇಮಲತಾ ಅವರೇ, ಆರು ವರ್ಷದ ಹಿಂದೆ ನಾವು ಒಂದು ದೋಣಿಯನ್ನು ಬಾಗಿಲಿನಿಂದ ಹಾಗೆಯೇ ಕಳಿಸಿದ್ದೆವು. ಹತ್ತೊಂಬತ್ತು ಜನ ಇದ್ದರು. ರೊಟ್ಟಿಯ ಬುತ್ತಿ ಕಟ್ಟಿಕೊಟ್ಟವಳು ನಾನೇ. ಅವರು ಬಡಗಣ ದಿಕ್ಕಿಗೆ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ನಿನ್ನೆ ಬೆಳಿಗ್ಗೆ ಪುಸ್ತಕವನ್ನು ಜೈನಾಬಿಯ ಸೊಸೆಯ ಕೈಗೆ ಕೊಟ್ಟೆ. ನಾನು ಬರುವತನಕ ಅವಳು ಓದುತ್ತಾಳೆ. ಅಮೃತರಾಜ ಹಾಯಿ ಕಟ್ಟಿ ಮುಗಿಸಿದ್ದಾನೆ, ಅಕ್ಕಾ ಹೊತ್ತಾಯಿತು ಎಂದು ಕೂಗುತ್ತಿದ್ದಾನೆ. ಹೋಗಿ ಆ ಹತ್ತೊಂಬತ್ತು ಜನರನ್ನು ಹುಡುಕಿ ಕರೆದುಕೊಂಡು ಬರುತ್ತೇವೆ.