ಎತ್ತಿನ ಆಯದ ಗಿಟಾರು

ಅಪ್ಪಾ,

ಕೊಟ್ಟೂರಿನಾಗ ನಿನ್ನ ಶೆಡ್ಡಿನಾಗ, ನಿನ್ನ ಉಜ್ಜುಗೊರಡಿನ ಬಾಜೂಕ ಕುಂತು ಇದನ್ನ ಬರಿಯಾಕತ್ತೀನಿ. ನೀನು ಇದ್ದಾಗ ಒಂದು ಚೀಟಿನೂ ಬರದವನಲ್ಲ ನಾನು. ಬರಿಯೋದೇನಿತ್ತು, ಶೆಡ್ಡಿನ ಈ ತುದಿಯಿಂದ ಆ ತುದಿಗೆ ಒದರಿದ್ರ ಮುಗೀತಿತ್ತು. ಒದರಿದ್ದು ಜಾಸ್ತಿ ಆತು ಅಂತ ಈಗ ಅನಸ್ತೈತಿ. ಪೂರ್ತಿ ಓದು, ಆಮ್ಯಾಲೆ ಬೈಯಿ.

ನಾನು ಆರ್ಕೆಸ್ಟ್ರಾದ ಹಳೇ ಕರೆಂಟ್ ಗಿಟಾರು ಒಂದು ದಿನದ ಮಟ್ಟಿಗೆ ಮನಿಗೆ ತಂದಿದ್ದು ನೆನಪೈತೇನು? ಹರಪನಹಳ್ಳಿ ವೀರೇಶಣ್ಣನ ಆರ್ಕೆಸ್ಟ್ರಾದಾಗ ಆಗಿನ್ನೂ ಹೊಸದಾಗಿ ಸೇರಿದ್ದೆ. ಮದುವಿ, ಗಣೇಶನ ಪ್ರೋಗ್ರಾಮು ಅಂತ ತಿರುಗೋರ ನಡುವ ಸ್ವಂತ ಗಿಟಾರು ಇಲ್ಲದವ ನಾನೊಬ್ಬನ. ನೀನು ಅದನ್ನ ತಿರುಗಿ ಮುರುಗಿ ನೋಡಿ, ಬೆರಳಿನ ಗೆಣ್ಣಿಂದ ಬಡದು, "ಇಷ್ಟನಾ? ಹೊಟ್ಟಿ ಟೊಳ್ಳಿಲ್ಲ, ಏನಿಲ್ಲ. ಒಂದು ಗಟ್ಟಿ ಹಲಗಿ, ಒಂದು ಕುತ್ತಿಗಿ. ಬಾಗಲಾ ಮಾಡಾವಗ ಇದ್ಯಾವ ಲೆಕ್ಕಲೇ?" ಅಂದಿ. ಅವತ್ತ ಅಟ್ಟದ ಮ್ಯಾಲಿಂದ ಸಾಗವಾನಿ ತೊಲಿ ಇಳಿಸಿದಿ, ಯಾವುದೋ ಹಳೇ ಮನಿ ಕೆಡವಿದಾಗ ತಂದಿಟ್ಟಿದ್ದು. ನಾನು ಹಳೇ ಗಿಟಾರಿನ ಕುತ್ತಿಗಿ ಮ್ಯಾಲೆ ಕಾಗದ ಇಟ್ಟು, ಬೆರಳಿಡೋ ಕಡೆ ಅಡ್ಡಡ್ಡ ಕೂಡಿಸಿರ್ತಾರಲ್ಲ, ಆ ಮೆಟ್ಟುಗಳ ಗುರುತು ಒಂದೊಂದ ತಗೊಂಡೆ. ಸಂಜಿಗೆ ಗಿಟಾರು ವಾಪಸ್ ಹೋತು, ಕಾಗದ ನಮ್ಮಲ್ಲೆ ಉಳೀತು.

ಮರುದಿನ ನೀನು ಟೇಪು ಹಿಡಕೊಂಡು ಕುಂತಿದ್ದು ಕಣ್ಣಿಗೆ ಕಟ್ಟಿದಂಗೈತಿ. "ತಂತಿ ಎಲ್ಲಿಂದ ಎಲ್ಲಿಗೆ ಬರ್ತೈತಿ?" ಅಂತ ಕೇಳಿದಿ. ತಲಿ ಕಡಿ ಪಟ್ಟಿಯಿಂದ ಕೆಳಗ ತಂತಿ ಹೊತ್ತು ನಿಂತಿರೋ ಕುದ್ರಿಗೆ ಅಂದೆ. ಕಿವಿ ಮ್ಯಾಲಿನ ಪೆನ್ಸಿಲ್ ತಗದು ಹಲಗಿ ಮ್ಯಾಲೆ ಲೆಕ್ಕ ಹಾಕಿದಿ, ಮಾರಿ ಸಣ್ಣದಾತು. "ಲೇ ಕೊಟ್ರೇಶಾ, ನಾಕು ಉಳೀತೈತಿ. ಇದು ಶ್ವಾನಾಯ!" ಬಾಗಲಾ ಇರಲಿ ತೊಟ್ಟಿಲಾ ಇರಲಿ, ಅಳತಿನ ಎಂಟರಿಂದ ಭಾಗಿಸಿ ಆಯ ನೋಡದ ನೀನು ಉಳಿ ಮುಟ್ಟಿದವನಲ್ಲ. ನಾಕು ಉಳಿದ್ರ ನಾಯಿ, ಕೆಟ್ಟದ್ದು; ಐದು ಉಳಿದ್ರ ಎತ್ತು, ಚಲೋದು. ಗಿಟಾರಿಗೆ ಯಾವ ಆಯಪಾ ಅಂತ ನಾನು ನಕ್ಕೆ. "ನಾಯಿ ಆಯದಾಗ ನನ್ನ ಮಗನ ಕೈಯಾಗ ಏನೂ ಮಾಡಿ ಕೊಡಂಗಿಲ್ಲ ನಾನು" ಅಂದಿ. ನಿನ್ನ ಲೆಕ್ಕ ಅರ್ಧರ್ಧ ಇಂಚಿಂದು, ತಂತಿ ಅಳತಿನ ಒಂದು ಅರ್ಧ ಇಂಚು ಉದ್ದ ಹಿಡದು ಎತ್ತಿನ ಆಯಕ್ಕ ತಂದಿ. ಮೆಟ್ಟು ಮಾತ್ರ ನನ್ನ ಕಾಗದದ ಗುರುತಿಗೇ ಕೂಡಿಸಿದಿ, ಒಂದು ಕೂದಲೆಳಿ ಆಕಡಿ ಈಕಡಿ ಆಗದಂಗ.

ಪ್ಯಾಟಿಯಿಂದ ತಂದ ಕರೆಂಟಿನ ಸಾಮಾನು ಕೂಡಿಸಿ ತಂತಿ ಬಿಗದ ದಿನ ಶೆಡ್ಡಿನಾಗ ನಿನ್ನ ಮೂರೂ ಗೆಳ್ಯಾರು ಇದ್ರು, ಚಾದಂಗಡಿ ಬಸಣ್ಣ, ಪೇಂಟರ್ ಹುಸೇನಪ್ಪ, ಗೌಂಡಿ ಹನುಮಂತಪ್ಪ. ನೀನ ಕರಿಸಿದ್ದಿ, ಮಗ ಬಾರಿಸ್ತಾನ ಬರ್ರಿ ಅಂತ. ಬರೀ ತಂತಿ ಮೀಟಿದ್ರ ಎಂಥಾ ದನಿ ಬಂತಪ್ಪಾ! ಬೆರಳಿಟ್ಟೆ ನೋಡು, ಸ್ವರ ತಪ್ಪಿತು. ಮ್ಯಾಲೆ ಮ್ಯಾಲೆ ಹೋದಂಗ ಇನ್ನೂ ತಪ್ಪಿತು. ಅರ್ಧ ಹಾಡೂ ಆಗಲಿಲ್ಲ. ನೀನು ನನ್ನ ಮಾರಿನ ನೋಡಾಕತ್ತಿದ್ದಿ. ಆಗ ನಾನು ಅಂದೆ, "ನಾಯಿ ಆಯದಾಗ ಇದ್ದಿದ್ರ ಚಲೋ ಇತ್ತಪಾ. ಬೊಗಳಿದ್ರೂ ಶ್ರುತಿಗೆ ಬೊಗಳ್ತಿತ್ತು." ಮೂರೂ ಮಂದಿ ಬಿದ್ದು ಬಿದ್ದು ನಕ್ಕರು. ನೀನೂ ನಕ್ಕಂಗ ಮಾಡಿದಿ. ಆಮ್ಯಾಲೆ ಅದನ್ನ ಒಯ್ದು ಕಿಟಕಿ ಬಾಜೂಕಿನ ಮೊಳಿಗೆ ನೇತ ಹಾಕಿದಿ. ಒಂದು ಬೈಗಳಾ ಬೈದಿದ್ರ ಏನಾಗ್ತಿತ್ತು ನಿನಗ? ಮುಂದಿನ ಬ್ಯಾಸಗಿಗೆ ನೀನ ಇರಲಿಲ್ಲ, ಮತ್ತ ನಾನು ಆ ಮಾತು...

ನೀನು ಹೋದ ಮ್ಯಾಲೆ ಹಟಕ್ಕ ಬಿದ್ದು ಗಿಟಾರು ಕೊಂಡ ದಿನ ಹೇಳ್ತೀನಿ ಕೇಳು. ದೊಡ್ಡ ಊರಿನ ದೊಡ್ಡ ಅಂಗಡಿ, ಗಾಜಿನ ಕಪಾಟು. ಅಮೇರಿಕಾದ ಮಾಲು, ಹಡಗಿನಾಗ ಬಂದದ್ದು ಅಂದ ಅಂಗಡಿಯವ. ಒಂದು ಹೊಸ ಬೈಕಿನ ರೇಟು ಹೇಳಿದ. ಕೂಡಿಸಿದ್ದೆಲ್ಲಾ ಸುರದು ತಂದೆ. ವೀರೇಶಣ್ಣಗ ಏನು ಖುಷಿ ಅಂತಿ! ಬ್ಯಾನರಿನಾಗ ನನ್ನ ಫೋಟೋ, ಕೆಳಗ ದಪ್ಪ ಅಕ್ಷರದಾಗ 'ಅಮೇರಿಕಾ ಗಿಟಾರ್ ಕೊಟ್ರೇಶ್'. ಕಾನಹೊಸಹಳ್ಳಿಯಿಂದ ಹಡಗಲಿತನಕ ಅದ ಹೆಸರಾತು. ಬಸ್ಸಿನಾಗ ಕಂಡಕ್ಟರು ಸೈತ ಅಮೇರಿಕಾ ಬರ್ರಿ ಅಂತಿದ್ದ. ನಾನೂ ಮೆರದೆ, ಯಾಕ ಸುಳ್ಳು ಹೇಳ್ಲಿ.

ಒಂದು ಮದುವ್ಯಾಗ ಸ್ಟೇಜಿನ ಮ್ಯಾಲಿಂದ ಅದು ಬಿತ್ತು, ಮೂಲ್ಯಾಗ ಪೇಂಟು ಎದ್ದಿತು. ಮನಿಗೆ ತಂದು ನೋಡ್ತೀನಿ, ಒಳಗ ಪದರ ಪದರ. ಪ್ಲೈವುಡ್ಡಪ್ಪಾ! ನಿನ್ನ ಶೆಡ್ಡಿನ ಹೊಸ್ತಿಲಾ ದಾಟಿಸದ ಪ್ಲೈವುಡ್ಡು. ಅದಕ್ಕ ಎಳಿನೂ ಇಲ್ಲ ಮಾರಿನೂ ಇಲ್ಲ ಅಂತಿದ್ದಿ. ಕುತ್ತಿಗಿ ಬಿಚ್ಚಿದ್ರ ಸಂದಿನ್ಯಾಗ ರಟ್ಟು ಮಡಚಿ ತುರುಕಿದ್ರು. ಫೋನ್ ಮಾಡಿ ಕೇಳಿದ್ರ ಅಂಗಡಿಯವ, "ಅದು ಫಸ್ಟ್ ಕಾಪಿ ಸಾರ್. ಆ ರೇಟಿಗೆ ಒರಿಜಿನಲ್ ಎಲ್ಲಿ ಬರುತ್ತೆ?" ಅಂದ. ಕಾಪಿಯೊಳಗೂ ಒಂದನೇ ನಂಬರು, ಎರಡನೇ ನಂಬರು ಅದಾವಂತ. ಬಡಿಗೇರ ಮಗ ಬೈಕಿನ ರೇಟು ಕೊಟ್ಟು ಪ್ಲೈವುಡ್ ತಂದಾನ ಅಂತ ಯಾರ ಮುಂದ ಹೇಳಲಿ? ಪೇಂಟು ತಂದು ಮೂಲಿ ಮುಚ್ಚಿದೆ. ಬಾಯಿನೂ ಮುಚ್ಚಿದೆ.

ಅವತ್ತಿನಿಂದ ಸಿಕ್ಕಿಬಿದ್ದೀನಿ ಅಪ್ಪಾ. ಬಿಸಲು ಏರಿದ್ರ ಅದರ ಕುತ್ತಿಗಿ ಬಾಗತೈತಿ, ಎರಡು ಹಾಡಿಗೊಮ್ಮೆ ಮಂದಿಗೆ ಬೆನ್ನು ತಿರುವಿ ಶ್ರುತಿ ಮಾಡ್ತೀನಿ. ಕೆಳಗ ಕುಂತವರು ನೋಡು, ಫಾರಿನ್ ಗಿಟಾರಿಗೆ ಎಷ್ಟು ನಾಜೂಕು ಅಂತಾರ. ನನಗ ನುಂಗಾಕೂ ಆಗವಲ್ದು, ಉಗುಳಾಕೂ ಆಗವಲ್ದು. ಮನಿಗೆ ಬಂದ್ರ ಇಲ್ಲಿ ಮೊಳಿಗೆ ನಿಂದು ನೇತಾಡತಿರ್ತೈತಿ. ಅದರ ಕಡೆ ನೋಡಬಾರದಂತ ಕಿಟಕಿ ಬಾಜೂ ಹೋಗೋದ ಬಿಟ್ಟಿದ್ದೆ.

ಹೋದ ವಾರ ಶಾರದಕ್ಕ ಬಂದಿದ್ಲು. ನೀನು ಆಕಿನ ನೋಡಿಲ್ಲ. ನಮ್ಮ ಆರ್ಕೆಸ್ಟ್ರಾದಾಗ ಹಾಡ್ತಿದ್ದಾಕಿ, ಹಗಲೆಲ್ಲಾ ಟೇಲರಿಂಗ್ ಮಾಡ್ತಾಳ. ಗಂಟಲಿಗೆ ಪೆಟ್ಟಾಗೇತಿ, ಇನ್ನ ಹಾಡಿದ್ರ ಮಾತಾಡೋ ದನಿನೂ ಹೋಗತೈತಿ ಅಂದಾರ ಡಾಕ್ಟರು. ವರ್ಷದಿಂದ ಆರ್ಕೆಸ್ಟ್ರಾದ ಹಳೇ ಗಿಟಾರಿನ ಮ್ಯಾಲೆ ನನ್ನ ಹತ್ರ ಕಲಿಯಾಕತ್ತಾಳ, ಕೈ ಭಾಳ ಚಲೋ ಐತಿ. ಸೀರಿ ಸೆರಗಿನ್ಯಾಗಿಂದ ಎರಡು ಬಂಗಾರದ ಬಳಿ ತಗದು ಕಟ್ಟಿ ಮ್ಯಾಲೆ ಇಟ್ಲು. "ಇವು ನಮ್ಮವ್ವನವು ತಮ್ಮಾ. ನಿಂದು ಹೆಂಗೈತೋ ಹಂಗಿಂದ ಕೊಡಸು. ಬರೋ ಸೋಮವಾರ ಆ ಅಂಗಡಿಗೆ ಹೋಗಿ ಬರೂಣು" ಅಂದ್ಲು. ನಾನು ಏನಂದೆ ಗೊತ್ತೇನು? ಹೂಂ ಅಂದೆ. ಆಕಿ ಹೋದ ಮ್ಯಾಲೆ ನನ್ನ ಮಾರಿಗೆ ನಾನ ಉಗುಳಿಕೊಳ್ಳಂಗಾತು.

ಶನಿವಾರ ತಡೀಲಾರದ ಆಕಿನ ಶೆಡ್ಡಿಗೆ ಕರಸಿದೆ. ಆ ಅಮೇರಿಕಾ ಗಿಟಾರು ಬೋರಲು ಹಾಕಿ, ಸ್ಕ್ರೂ ಬಿಚ್ಚಿ, ಆ ಪದರ ತೋರಿಸಿದೆ, ರಟ್ಟು ತೋರಿಸಿದೆ. ಆಕಿ ಆ ಪದರಾನ ಉಗುರಿಲೆ ಕೆರದ್ಲು. "ಬಳಿ ಕಟ್ಟಿ ಮ್ಯಾಲೆ ಇಟ್ಟಾಗ ಯಾಕ ಹೇಳಲಿಲ್ಲ?" ಅಂದ್ಲು. ಹೆಸರು ಹೋಗತೈತಿ ಅಂತ ಅಂದೆ. "ಯಾರ ಹೆಸರು, ಅಮೇರಿಕಾದ್ದಾ?" ಅಂದ್ಲು. ಆಮ್ಯಾಲೆ ಕಿಟಕಿ ಕಡೆ ನೋಡಿ, "ಅದ್ಯಾರದು?" ಅಂತ ಕೇಳಿದ್ಲು. ನಿನ್ನ ಆಯ, ನಿನ್ನ ಅರ್ಧ ಇಂಚು, ನಾನು ಬೊಗಳಿದ್ದು, ಎಲ್ಲಾ ಹೇಳಿಬಿಟ್ಟೆ. ಆಕಿ ನಿನ್ನ ಗಿಟಾರು ತೊಡಿ ಮ್ಯಾಲೆ ಇಟಗೊಂಡು, ಕೊಳ್ಳಾಗಿನ ಟೇಪು ತಗದು, ಮೆಟ್ಟಿನ ಮ್ಯಾಲೆ ಎಳದು ನೋಡಿದ್ಲು.

"ಅಲ್ಲೋ ತಮ್ಮಾ, ಅಂಗಿ ಉದ್ದ ಮಾಡಿದ್ರ ಗುಂಡಿ ಜಾಗಾನೂ ಸರಿಸಬೇಕಲ್ಲ? ನೀವು ಬಟ್ಟಿ ಉದ್ದ ಮಾಡೀರಿ, ಗುಂಡಿ ಮಾತ್ರ ಹಳೇ ಅಂಗಿದ ಹಚ್ಚೀರಿ."

ಆಕಿ ಅಂದದ್ದು ಖರೆ ಅಪ್ಪಾ. ನಡುವಿನ ಮೆಟ್ಟು ತಂತಿಯ ಸರಿ ಅರ್ಧಕ್ಕ ಬರಬೇಕು, ಅಷ್ಟ ಅದರ ಗುಟ್ಟು. ನಿನ್ನ ಉದ್ದಕ್ಕ ನನ್ನ ಕಾಗದ ಹೆಂಗ ಕೂಡ್ತಿತ್ತು? ಉದ್ದ ಹಾಕಿದ್ರ ಮೆಟ್ಟಿನ ಲೆಕ್ಕ ಮೊಬೈಲಿನಾಗ ಸಿಗತೈತಿ, ಅವತ್ತೂ ಸಿಗ್ತಿತ್ತು. ಹುಡುಕಲಿಲ್ಲ ನಾನು. ತಪ್ಪು ನಿಂದ ಅಂತ ಆಗಲೇ ತೀರ್ಮಾನ ಮಾಡಿದ್ನಲ್ಲ.

ನಿನ್ನೆ ಇಡೀ ದಿನ ಕೆಲಸ ಮಾಡೀನಿ. ನಿನ್ನ ಗಿಟಾರಿನ ಕುತ್ತಿಗಿ ಮ್ಯಾಲೆ ಮೆಟ್ಟು ಕೂಡಿಸಿದ್ದ ಹಳೇ ಪಟ್ಟಿ ಕಾಸಿ ಎಬ್ಬಿಸಿದೆ. ಅಟ್ಟದ ಮ್ಯಾಲೆ ನೀನು ಇಟ್ಟ ಕರಿಜಾಲಿ ತುಂಡು ಇತ್ತಲ್ಲ, ಅದನ್ನ ನಿನ್ನ ಉಜ್ಜುಗೊರಡಿಲೆ ಸವರಿ ಹೊಸ ಪಟ್ಟಿ ಮಾಡಿದೆ. ನೀನು ಉಳಿಸಿದ್ದ ಮೆಟ್ಟಿನ ತಂತಿ ಸಾಲಲಿಲ್ಲ, ಹಳೇ ಮೆಟ್ಟು ಕಿತ್ತು ನೆಟ್ಟಗ ಮಾಡಿ ಕೂಡಿಸಿದೆ. ಎರಡು ಸಲ ಬೆರಳು ಕೊಯ್ದುಕೊಂಡೆ, ನಿನಗ ನಗಿ ಬರ್ತೈತಿ ಬಿಡು. ಕುದ್ರಿ ಅರ್ಧ ಇಂಚು ಮುಂದಕ್ಕ ಸರಿಸಿದ್ರ ಸಾಕಿತ್ತು, ಹಳೇ ಮೆಟ್ಟೇ ನಡೀತಿದ್ದವು. ಆದ್ರ ಸರಿಸಲಿಲ್ಲ. ನಿನ್ನ ಎತ್ತಿನ ಆಯ ಮುಟ್ಟಾಕ ಕೈ ಬರಲಿಲ್ಲ.

ವೀರೇಶಣ್ಣಗ ಇವತ್ತ ಮುಂಜಾನಿ ಫೋನಿನಾಗ ಖರೆ ಹೇಳಿದೆ. "ಬ್ಯಾನರ್ ಪ್ರಿಂಟ್ ಆಗ್ಯಾವ. ಈ ಸೀಸನ್ ಮುಗಿಯಾತನ ಬಾಯಿ ಮುಚಗೊಂಡು ಅದನ್ನ ಹಾಕ್ಕೊಂಡು ನಿಂದ್ರು, ಇಲ್ಲಾ ಬರಬ್ಯಾಡ" ಅಂದ. ಹಂಗಾಗಿ ಪ್ಲೈವುಡ್ಡು ನನ್ನ ಕೊಳ್ಳಾಗಿಂದ ಇನ್ನೂ ಇಳಿದಿಲ್ಲ. ಹಿರೇಹಡಗಲಿ ಪ್ರೋಗ್ರಾಮಿನಾಗ ನಾನು ಅಮೇರಿಕಾ. ಬಾಜೂಕ ಶಾರದಕ್ಕ ನಿಂದು ಹಿಡಕೊಂಡು ನಿಂದ್ರತಾಳ. ಅದು ಯಾವ ದೇಶದ್ದು ಅಂತ ಕೇಳಿದವರಿಗೆ ಕೊಟ್ಟೂರಿಂದು ಅಂತ ಹೇಳ್ತಾಳಂತ. ನನಗ ಕೇಳಿದ್ರ ಏನು ಹೇಳ್ಲಿ, ಅದನ್ನ ಇನ್ನೂ...

ಇದೊಂದು ಹೇಳಿ ಮುಗಸ್ತೀನಿ. ಈಗ ಒಂದು ತಾಸಿನ ಹಿಂದ ಬಸಣ್ಣ, ಹುಸೇನಪ್ಪ, ಹನುಮಂತಪ್ಪ ಮೂವರನ್ನೂ ಕರಸಿದ್ದೆ. ಅವತ್ತ ಕುಂತಿದ್ದ ಜಾಗದಾಗ ಕೂಡಿಸಿದೆ. ಶಾರದಕ್ಕ ಬಾರಿಸಿದ್ಲು, ಕೆಳಗಿಂದ ಮ್ಯಾಲಿನತನಕ, ಒಂದು ಸ್ವರ ತಪ್ಪಲಿಲ್ಲ. ಬಸಣ್ಣ ಕಣ್ಣು ಒರಸಿಕೊಂಡು, "ಇದು ಯಾವಾಗ ತಂದಿ? ಭಾರಿ ರೇಟಿಂದಿರಬೇಕು" ಅಂದ. ಮೊಳಿ ಕಡೆ ಬೆರಳು ಮಾಡಿ ತೋರಿಸಿದೆ. ಮೊಳಿ ಖಾಲಿ ಇತ್ತು. ಒಬ್ಬರೂ ನಗಲಿಲ್ಲ ಅಪ್ಪಾ. ಅವರ ಮುಂದ, ಅವತ್ತ ಎಷ್ಟು ಜೋರಾಗಿ ಅಂದಿದ್ದೆನೋ ಅಷ್ಟ ಜೋರಾಗಿ ಅಂದೆ: ನಮ್ಮಪ್ಪನ ಅಳತಿ ಸರಿ ಇತ್ತು, ತಪ್ಪಿದ್ದು ನನ್ನ ಕಾಗದ.

ನಿನ್ನ ಮಗ
ಕೊಟ್ರೇಶ