ಪಾಸ್ ಮೊಹರು

ನ್ಯೂಟೌನ್, ಭದ್ರಾವತಿ
19 ನವೆಂಬರ್ 2024

ಕಲ್ಲಮ್ಮ ಅತ್ತಿಗೆಯವರಿಗೆ ವಾಣಿಯ ಶರಣು.

ಈಗ ಸಂಜೆ ಆರೂಕಾಲು. ಬೆಳಗಿನಿಂದ ನಿಮ್ಮ ತಮ್ಮನ ಕಬ್ಬಿಣದ ಪೆಟ್ಟಿಗೆ ಖಾಲಿ ಮಾಡಿದೆ. ಐದು ಗಂಟೆಗೆ ನಿಮ್ಮ ಸೊಸೆ ಸ್ಫೂರ್ತಿ ಇಲ್ಲಿಯ ಶಾಲೆಯಲ್ಲಿ ಪಾಠ ಮುಗಿಸಿಕೊಂಡು ಬಂದಳು. ನೀವೂ ಕೊಲೆಸ್ಟ್ರಾಲ್ ಮಾತ್ರೆ ಬಿಟ್ಟು ಎರಡು ತಿಂಗಳಾಯಿತೆಂದು ಅವಳ ಬಾಯಿಂದ ಬಂತು. ಅವಳು ನಿಮ್ಮ ಮನೆಗೆ ಹೊರಟು ಶಿವಮೊಗ್ಗದ ಬಸ್ಸು ಹತ್ತುವುದರೊಳಗೆ ಇದನ್ನು ಬರೆದು ಮುಗಿಸಬೇಕು.

ಅವರು ತೀರಿಕೊಂಡ ಮೇಲೆ ಶಿವಗಣಾರಾಧನೆಯ ದಿನ ಊಟದ ಪಂಕ್ತಿಯಲ್ಲಿ ಕೂತು ನೀವು, "ಎಣ್ಣೆಗಾಯಿ ತಿನ್ನಿಸಿ ತಿನ್ನಿಸಿ ನನ್ ತಮ್ಮನ್ನ ಮುಗಿಸಿಬಿಟ್ಲು" ಅಂದಿರಿ. ನಾನು ಪಾಯಸ ಬಡಿಸುತ್ತಿದ್ದೆ. ನಿಮ್ಮ ಎಲೆಗೂ ಬಡಿಸಿ ಮುಂದೆ ಹೋದೆ.

ಪೆಟ್ಟಿಗೆಯ ತಳದಲ್ಲಿ ಜೂನ್ ತಿಂಗಳ ರಕ್ತಪರೀಕ್ಷೆಯ ವರದಿ ಸಿಕ್ಕಿತು. ಅದರ ಮೇಲೆ ನೀಲಿ ಶಾಯಿಯಲ್ಲಿ "ಪಾಸ್" ಎಂಬ ಮೊಹರು. ಅವರು ಮೂವತ್ತು ವರ್ಷ ಕಾಗದ ಕಾರ್ಖಾನೆಯಲ್ಲಿ ಹಾಳೆ ಪರೀಕ್ಷಿಸಿದವರಲ್ಲವೆ? ಹಾಳೆ ಸರಿ ಇದ್ದರೆ ಮೊಹರು ಒತ್ತುವುದು, ಆಮೇಲೆ ಆ ಕಾಗದದ ಉರುಳೆಯನ್ನು ಯಾರೂ ಮತ್ತೆ ಮುಟ್ಟುವ ಹಾಗಿಲ್ಲ. ತಮ್ಮದೇ ರಕ್ತಕ್ಕೂ ಹಾಗೇ ಮಾಡಿದರು.

ಆ ವರದಿ ನೋಡಿ ನೀವು ಹೇಳಿದ್ದು ಮರೆತಿರಬಹುದು. ನಮ್ಮ ಜಗಲಿಯಲ್ಲೇ ಕೂತು, "ಒಳ್ಳೇ ಕೊಲೆಸ್ಟ್ರಾಲು ಏರೈತಲ್ಲೋ ಏಕಾಂತ, ಕೆಟ್ಟದ್ದು ಇಳಿದೈತೆ. ಇನ್ನೂ ಯಾಕೆ ಮಾತ್ರೆ ನುಂಗ್ತೀಯ ಮಾರಾಯ, ಕಿಡ್ನಿ ಕೆಡಿಸ್ಕೊಳ್ಳಕ್ಕ?" ಅಂದಿರಿ. ಅವರು ನಕ್ಕು, "ಅಕ್ಕ ಇನ್‌ಸ್ಪೆಕ್ಷನ್ ಮಾಡಿದ ಮೇಲೆ ಮುಗೀತು" ಎಂದು ಮೊಹರು ಹುಡುಕಿ ತಂದರು. ಮಾತ್ರೆ ಅಂದೇ ನಿಂತಿತು. ಎದೆಯ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಆಗಿನ್ನೂ ಎರಡು ವರ್ಷ.

ಅವರು ಎದೆನೋವಿನಿಂದ ತೀರಿಕೊಂಡ ದಿನ, ಮಾತ್ರೆ ಬಿಟ್ಟದ್ದನ್ನು ನಾನು ಹೇಳಿದಾಗ ಡಾಕ್ಟರು ನನಗೆ ಬಿಡಿಸಿ ಹೇಳಿದರು. ಕೆಟ್ಟದ್ದು ಇಳಿದಿದ್ದೇ ಮಾತ್ರೆಯಿಂದ. ಬಿಟ್ಟರೆ ಕೆಲವೇ ವಾರದಲ್ಲಿ ಮತ್ತೆ ಏರುತ್ತದೆ. ಒಳ್ಳೆಯದನ್ನು ಆ ಮಾತ್ರೆ ಏರಿಸುವುದು ಸ್ವಲ್ಪವೇ. ಮೂವತ್ತೊಂಬತ್ತು ಇದ್ದದ್ದು ನಲವತ್ತೆರಡು ಆಗಿತ್ತು, ಅಷ್ಟೆ. ಆ ಮೂರು ಅಂಕ ರಕ್ತನಾಳವನ್ನು ಕಾಯುವುದಿಲ್ಲ, ಕೆಟ್ಟದ್ದನ್ನು ತಗ್ಗಿಸಿ ಇಡುವುದೇ ಕಾಯುತ್ತದೆ, ಅಂದರು. "ಯಾರಮ್ಮ ಬಿಡಿಸಿದ್ದು?" ಎಂದು ಕೇಳಿದರು. ನಾನು ನಿಮ್ಮ ಹೆಸರು ಹೇಳಲಿಲ್ಲ. ಆಮೇಲೆ ನೀವು ಎಣ್ಣೆಗಾಯಿಯ ಮಾತು ಆಡಿದಿರಿ.

ನಿಮ್ಮ ಅಪ್ಪನೂ ಐವತ್ತರಲ್ಲಿ ಎದೆ ಹಿಡಿದುಕೊಂಡೇ ಹೋದರಂತೆ. ಅವರು ಎಣ್ಣೆಗಾಯಿ ತಿಂದದ್ದು ಯಾರ ಕೈಯಿಂದ? ನಿಮ್ಮ ವಂಶದಲ್ಲೇ ಇದೆ ಅತ್ತಿಗೆ, ನನ್ನ ಬಾಣಲೆಯಲ್ಲಿ ಅಲ್ಲ.

ನಿಮ್ಮ ಮೇಲಿನ ಸಿಟ್ಟು ಇಳಿದಿಲ್ಲ, ಇಳಿಯುವುದೂ ಬೇಡ. ಆದರೆ ನಿಮ್ಮ ಹೆಸರಿನಲ್ಲಿ ಅಂಥ ಇನ್ನೊಂದು ಪಂಕ್ತಿಗೆ ಬಡಿಸಲು ನನ್ನ ಕೈಲಾಗದು. ನಿಮ್ಮ ನಿಂತಿರುವ ಮಾತ್ರೆ ಮತ್ತೆ ಶುರುವಾಗಬೇಕು.

ಇತಿ,
ವಾಣಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಆಗಸ್ಟ್‌ನಲ್ಲಿ ಡಾಕ್ಟರು "ಮಾತ್ರೆ ತಪ್ಪಿಸ್ತಿಲ್ಲ ತಾನೆ?" ಎಂದು ಕೇಳಿದಾಗ ನಿಮ್ಮ ತಮ್ಮ ನೆಲ ನೋಡುತ್ತಿದ್ದರು. "ದಿನಾ ನಾನೇ ಕೊಡ್ತೀನಿ ಸರ್" ಎಂದವಳು ನಾನು. ಮಾತ್ರೆ ಬಿಟ್ಟ ಮೇಲೆ ಕಾಲುನೋವು ಹೋಯಿತೆಂದು ಅವರು ಖುಷಿಯಾಗಿದ್ದರು. ಡಾಕ್ಟರ ಮುಂದೆ ಅವರಿಗೆ ಬೈಗುಳ ಕೇಳಿಸಲು ನನಗೆ ಮನಸ್ಸು ಬರಲಿಲ್ಲ. ಪಂಕ್ತಿಯಲ್ಲಿ ನಾನು ಬಾಯಿ ಬಿಡದೆ ಹೋದದ್ದು ಇದಕ್ಕೇ.

ನಾಳೆ ಬೆಳಿಗ್ಗೆ ಕಾಫಿ ಕೂಡ ಕುಡಿಯಬೇಡಿ. ಆರೂವರೆ ಬಸ್ಸಿಗೆ ಬರುತ್ತೇನೆ. ನಿಮ್ಮ ಬೀದಿಯ ರಕ್ತಪರೀಕ್ಷೆ ಲ್ಯಾಬು ಏಳೂವರೆಗೆ ತೆರೆಯುತ್ತದೆ.