ಸ್ಟೀರಿಂಗ್ ಬಿಟ್ಟರೂ ಓಡುವ ಟ್ರ್ಯಾಕ್ಟರ್

ಅಮ್ಮಾ,

ಆರೋಗ್ಯವಾಗಿದ್ದೇನೆ, ನೆಗಡಿ ಇಳಿದಿದೆ. ಪಾಪುವನ್ನು ನಿನ್ನ ಹತ್ತಿರ ಬಿಟ್ಟು ಬಂದಾಗಿನಿಂದ ನಿದ್ದೆ ಮಾತ್ರ ಇಲ್ಲ. ಇಲ್ಲಿ ತರಬೇತಿಯಲ್ಲಿ ಉಪಗ್ರಹ ತೋರಿಸಿದ ದಾರಿ ಹಿಡಿದು ತಾನೇ ಉಳುವ ಟ್ರ್ಯಾಕ್ಟರಿನ ಪಾಠ ನಡೆದಿದೆ. ನಮ್ಮ ಮೇಷ್ಟ್ರು ಬಾಯಿ ಬಿಟ್ಟರೆ ಉಪಗ್ರಹ. ಇವತ್ತು "ಸ್ಟೀರಿಂಗ್ ಬಿಡಿ ಮೇಡಂ, ಉಪಗ್ರಹ ಎಲ್ಲಾ ನೋಡ್ಕೊಳ್ಳುತ್ತೆ" ಅಂತ ಪಕ್ಕದಲ್ಲಿ ಕೈಕಟ್ಟಿ ಕೂತರು. ಬಿಟ್ಟೆ. ನಾನು ಬ್ರೇಕ್ ತುಳಿಯುವಷ್ಟರಲ್ಲಿ ಅದು ನೆಟ್ಟಗೆ ಹೋಗಿ, ಬದುವಿನ ಹತ್ತಿರ ನಿಲ್ಲಿಸಿದ್ದ ಅವರದೇ ಬೈಕನ್ನು ಅಪ್ಪಚ್ಚಿ ಮಾಡಿತು. "ಆದ್ರೂ ಸಾಲು ಒಂದಿಂಚು ಸೊಟ್ಟ ಆಗ್ಲಿಲ್ಲ ನೋಡಿ" ಅಂದರು ಮಹಾಶಯರು!

ಪಾಪು ಅತ್ತರೆ ಫೋನಿಗೆ ಹೇಳುತ್ತದೆ ಅಂತ ನನ್ನ ತಮ್ಮ ಅವಳ ತೊಟ್ಟಿಲ ಮೇಲೆ ಒಂದು ಕ್ಯಾಮೆರಾ ಕೂರಿಸಿದ್ದಾನಲ್ಲ, ಅದನ್ನು ನಂಬಿ ನೀನು ಆಚೆ ಕೋಣೆಯಲ್ಲಿ ಮಲಗಬೇಡ. ಪಾಪು ಪಕ್ಕದಲ್ಲೇ ಮಲಗು. ನಿದ್ದೆಯಲ್ಲೂ ಅವಳ ಮೇಲೆ ಒಂದು ಕೈ ಇರಲಿ.

ಗಡಿಬಿಡಿಯಲ್ಲಿ,
ನಿನ್ನ ಮಗಳು